ದರ್ಜಿ ತಂದ ಅಳತೆ

ಅವತ್ತು ಮಂಗಳವಾರ. ದರ್ಜಿ ಪುಂಡಲೀಕ ಅಂಗಡಿಯಲ್ಲಿ ಬ್ಲೌಸ್ ಹೊಲಿಯುತ್ತಿದ್ದ. ಪಕ್ಕದಲ್ಲಿ ಹೆಂಡತಿ ರುಕ್ಮಾಬಾಯಿ ಹುಕ್ ಹಾಕುತ್ತಿದ್ದಳು. "ಚಹಾ ಇಡ್ತೀನಿ" ಎಂದು ಎದ್ದವಳು ಬಾಗಿಲಲ್ಲೇ ಕುಸಿದಳು. ಮತ್ತೆ ಏಳಲಿಲ್ಲ.

ಹದಿನೈದು ದಿನದ ಮೇಲೆ ಪುಂಡಲೀಕ ಅಂಗಡಿ ತೆರೆದ. ಕತ್ತರಿಸಿದ, ಹೊಲಿದ. ಅವಳ ಹುಕ್ಕಿನ ಡಬ್ಬಿಯನ್ನು ಮಾತ್ರ ಮುಟ್ಟಲಾಗಲಿಲ್ಲ. ಹುಕ್ ಇಲ್ಲದ ಬ್ಲೌಸ್ ಒಯ್ದ ಗಿರಾಕಿಗಳು ಮತ್ತೆ ಬರಲಿಲ್ಲ. ಏಳು ತಿಂಗಳಲ್ಲಿ ಅಂಗಡಿ ಮುಚ್ಚುವ ಸ್ಥಿತಿ ಬಂತು. ಆಗ ಅವನ ಅಕ್ಕ ಅವನನ್ನು ತಾಲ್ಲೂಕು ಆಸ್ಪತ್ರೆಯ ಆಪ್ತಸಮಾಲೋಚಕಿ ಕೌಸರ್ ಅವರ ಹತ್ತಿರ ಕಳಿಸಿದಳು. ಪ್ರತಿ ಗುರುವಾರ ಒಂದು ತಾಸು.

ಮೊದಲ ಗುರುವಾರ ಅವರು ನಿದ್ದೆ, ಊಟ, ಕೆಲಸದ ಬಗ್ಗೆ ಕೇಳಿದರು.

"ಗುಳಿಗಿ ಇಲ್ಲ, ಬುದ್ಧಿಮಾತಿಲ್ಲ. ಬರೇ ಕೇಳ್ಕೋತ ಕುಂತಿದ್ರು," ಎಂದು ಪುಂಡಲೀಕ ಅಕ್ಕನಿಗೆ ದೂರಿದ.

"ನಿನ್ನ ಮಾತು ಒಂದ್ ತಾಸು ಯಾರು ಕೇಳ್ತಾರೋ? ನನ್ನ ಕೈಲಂತೂ ಆಗಂಗಿಲ್ಲ. ಇನ್ನೊಮ್ಮೆ ಹೋಗು."

ಎರಡನೆಯ ಗುರುವಾರ ಅವನು ಆ ಮಂಗಳವಾರದ ಬಗ್ಗೆ ಹೇಳಿದ. ಮನೆಗೆ ಬಂದವನಿಗೆ ಊಟ ಸೇರಲಿಲ್ಲ. ಮೂರನೆಯ ಗುರುವಾರ, ಇನ್ನು ಬರುವುದಿಲ್ಲ ಎಂದು ಹೇಳಲೆಂದೇ ಹೋದ.

"ಇಲ್ಲಿ ಬಂದ್ ಮ್ಯಾಲೆ ಸಂಕಟ ಹೆಚ್ಚಾಗೇದ್ರಿ ಮೇಡಂ. ನನ್ನ ತಮ್ಮನ ಹೆಂಡ್ತಿನೂ ತೀರಿದ್ಲು. ಅಂವ ಮೂರು ತಿಂಗಳಿಗೆ ಸುಧಾರಿಸ್ಕೊಂಡ. ನನಗ್ಯಾಕ ಆಗವಲ್ದು?"

ಕೌಸರ್ ಕೇಳಿದರು, "ನಿಮ್ಮ ಅಂಗಡಿಗೆ ಒಬ್ಬಾಕಿ ತನ್ನ ತಂಗಿ ಬ್ಲೌಸ್ ತಂದು, ಇದರ ಅಳತೀಲೆ ನನಗ ಹೊಲೀರಿ ಅಂದ್ರ ಏನ್ ಮಾಡ್ತೀರಿ?"

"ಹೊಲಿಯಂಗಿಲ್ರಿ. ಆಕಿಗೇ ಟೇಪ್ ಹಿಡೀತೀನಿ."

"ಅಳತಿ ತಗೊಂಡ ದಿನಾನೇ ಬ್ಲೌಸ್ ಕೊಡ್ತೀರೇನು?"

"ಹೆಂಗ್ ಕೊಡಾಕಾಗ್ತದ್ರಿ?"

"ನಾವಿನ್ನೂ ಅಳತಿಯೊಳಗ ಅದೀವಿ. ನಿಮ್ಮ ತಮ್ಮನ ಅಳತಿ ಇಲ್ಲಿ ಬ್ಯಾಡ. ಹಳೇ ಹೊಲಿಗಿ ಬಿಚ್ಚುವಾಗ ಬಟ್ಟಿ ಜಗ್ಗತದ, ನಿಮ್ಮ ಸಂಕಟನೂ ಹಂಗ. ಎಲ್ಲೆರೆ ಬಿಗಿ ಆದ್ರ ಹೇಳ್ರಿ, ಅಲ್ಲಿಗೆ ನಿಲ್ಲಿಸೋಣು."

ಬರುವುದಿಲ್ಲ ಎನ್ನಲು ಬಂದಿದ್ದ ಪುಂಡಲೀಕ ಕುರ್ಚಿಯನ್ನು ಹತ್ತಿರ ಎಳೆದುಕೊಂಡ. "ಹಂಗಾದ್ರ ಹುಕ್ಕಿನ ಡಬ್ಬಿ ಬಗ್ಗೆ ಮಾತ್ರ ಕೇಳಬ್ಯಾಡ್ರಿ."

"ಕೇಳಂಗಿಲ್ಲ."

ಅವರು ಕೇಳಲಿಲ್ಲ. ಏಳನೆಯ ಗುರುವಾರ ಅವನೇ ಹೇಳಿದ. ರುಕ್ಮಾಬಾಯಿ ಚಹಾಕ್ಕೆಂದು ಎದ್ದಾಗ ದಾರ ಪೋಣಿಸಿದ ಸೂಜಿಯನ್ನು ಆ ಡಬ್ಬಿಯಲ್ಲಿಟ್ಟಿದ್ದಳು. ಅದು ಈಗಲೂ ಹಾಗೇ ಇತ್ತು.

ನೀತಿ: ಮನಸ್ಸಿನ ನೋವನ್ನು ಹೇಳಿಕೊಳ್ಳಲು ಹೋದವರು ಮೊದಲ ದಿನವೇ ಪರಿಹಾರ ಸಿಗುತ್ತದೆ ಎಂದುಕೊಳ್ಳಬಾರದು. ಮೊದಮೊದಲು ನೋವು ಹೆಚ್ಚಾದಂತೆ ಅನಿಸಬಹುದು. ಹಾಗನಿಸಿದರೆ ಅದನ್ನೂ ಹೇಳಬೇಕು. ಇನ್ನೊಬ್ಬರ ದುಃಖದ ಅಳತೆಯಿಂದ ನಮ್ಮದನ್ನು ಅಳೆಯಬಾರದು.

ಹತ್ತನೆಯ ವಾರ ಪುಂಡಲೀಕ ಆ ಸೂಜಿಯಿಂದ ಒಂದು ಹುಕ್ ಹಾಕಿದ.