ಹುಲಿಗೆವ್ವ ಬಟ್ಟಲು ತೋರಿಸಿದ್ದು

ಬಹಳ ಹಿಂದೆ, ಹೊಳೆ ಈಗಿನದಕ್ಕಿಂತ ಅಗಲವಾಗಿದ್ದ ಕಾಲದಲ್ಲಿ, ಕಲ್ಲುಗಟ್ಟೆ ಅಂತ ಒಂದು ಊರಿತ್ತು. ಅಲ್ಲಿ ಹರಗೋಲಿನಲ್ಲಿ ಜನರನ್ನು ದಾಟಿಸುತ್ತಿದ್ದ ಹುಲಿಗೆವ್ವನಿಗೆ ಮಾತು ಕಡಿಮೆ, ನೋಡುವುದು ಜಾಸ್ತಿ, ಅಂತಾರೆ.

ಹೊಳೆ ದಾಟಿಸುವ ಹಕ್ಕೆಲ್ಲ ತಮಗೇ ಬೇಕು ಅಂದರಂತೆ ಆಚೆ ದಡದ ದೇಸಾಯರು. ಚದುರಂಗದಲ್ಲಿ ತೀರ್ಮಾನವಾಗಲಿ, ಸೋತ ದಡದವರು ಹರಗೋಲು ಮಗುಚಿಟ್ಟು ದಾಟಿಸುವುದು ಬಿಡಲಿ ಅಂದರು ಹಿರಿಯರು. ದೇಸಾಯರ ಕಡೆಯಿಂದ ಗುರುಪಾದಪ್ಪ ಕೂತ. ಹತ್ತು ನಡೆಯೊಳಗೆ ರಾಜನನ್ನು ಕಟ್ಟಿಹಾಕುವವನು. ಈ ಕಡೆ ಬೇರೆ ಯಾರೂ ಮುಂದೆ ಬರಲಿಲ್ಲ. ಹುಲಿಗೆವ್ವ ಕೂತಳು.

"ಹುಟ್ಟು ಹಿಡಿಯೂ ಕೈಗೆ ಆನಿ, ಕುದುರಿ ಭಾರ ಆಗ್ತಾವ ನೋಡಬೇ," ಅಂದ ಅವನು.

"ನೋಡೂಣ್ರಿ," ಅಂದಳು.

ಆಟಕ್ಕೊಂದು ಕಟ್ಟಳೆಯಿತ್ತು. ಇಬ್ಬರಿಗೂ ತಳದಲ್ಲಿ ಸೂಜಿತೂತಿದ್ದ ಒಂದೊಂದು ತಾಮ್ರದ ಬಟ್ಟಲು. ಯೋಚಿಸುವಷ್ಟು ಹೊತ್ತು ಅದು ಕೊಪ್ಪರಿಗೆಯ ನೀರಲ್ಲಿ ತೇಲಬೇಕು. ನಡೆ ಮುಗಿದೊಡನೆ ತಾವೇ ಎತ್ತಿ, ಸೋರದ ಹಾಗೆ ಮೇಣದ ಮೇಲೆ ಕೂರಿಸಬೇಕು. ಆಮೇಲೆಯೇ ಎದುರಿನವರ ಸರದಿ. ಯಾರ ಬಟ್ಟಲು ಮುಳುಗಿತೋ ಅವರು ಸೋತ ಹಾಗೆ.

ಹುಲಿಗೆವ್ವ ಯಾರ ಮೇಲೂ ಏರಿ ಹೋಗಲಿಲ್ಲವಂತೆ. ಕಾಲಾಳುಗಳನ್ನು ಒಂದೊಂದೇ ಮನೆ ಸರಿಸಿ ಗೋಡೆ ಕಟ್ಟಿದಳು, ರಾಜನನ್ನು ಅದರ ಹಿಂದೆ ಕೂರಿಸಿದಳು. ಗುರುಪಾದಪ್ಪನ ಕುದುರೆ ಬಂತು, ಆನೆ ಬಂತು, ಗೋಡೆ ಬಿರಿಯಲಿಲ್ಲ. ಅವನು ಯೋಚಿಸುತ್ತ ಕೂತ, ಬಟ್ಟಲು ತುಂಬುತ್ತ ಬಂತು. ಪ್ರತಿ ನಡೆಯಾದ ಮೇಲೂ ಅವನು ಮೊದಲು ತನ್ನ ಜನರ ಕಡೆ ತಿರುಗುತ್ತಾನೆ, ಬಟ್ಟಲು ಎತ್ತುವುದು ಆಮೇಲೆ. ಆ ಮುಖಗಳಲ್ಲಿ ಏನು ಹುಡುಕುತ್ತಾನೆ ಅಂತ ಅವಳಿಗೆ ಸೋಜಿಗ.

ಕೊನೆಗೆ ಗೋಡೆಯಲ್ಲಿ ಒಂದು ಕಾಲಾಳು ಬಿತ್ತು. ಅವನು ಮಂತ್ರಿಯನ್ನು ಒಳಗೆ ನುಗ್ಗಿಸಿದ. ಇನ್ನೊಂದೇ ನಡೆ, ಅವಳ ರಾಜ ಮುಗಿದ. ಆಚೆ ದಡದವರು ಹೋ ಅಂದರು. ಗುರುಪಾದಪ್ಪ ಅವರತ್ತ ತಿರುಗಿ ಮೀಸೆ ತಿರುವಿದ. ಅವನ ಬಟ್ಟಲು ನೀರಲ್ಲೇ ಇತ್ತು, ಅಂಚಿನವರೆಗೂ ತುಂಬಿತ್ತು.

ಸುಮ್ಮನಿದ್ದರೆ ಹೊಳೆ ಅವಳದು. ಆದರೂ ಅವಳು ಬೆರಳು ಮಾಡಿ ಹೇಳಿದಳಂತೆ, "ಯಪ್ಪಾ, ನಿಮ್ಮ ಬಟ್ಟಲ ನೀರಾಗ ಐತ್ರಿ."

ಅವನು ತಿರುಗಲೇ ಇಲ್ಲ. "ಸೋಲೂ ಹೊತ್ತಿಗೆ ನನ್ನ ಬಟ್ಟಲದ ಚಿಂತಿ ಯಾಕಬೇ ನಿನಗ?" ಅಂದ. ಅವನ ಜನ ನಕ್ಕರು.

ಹುಲಿಗೆವ್ವ ಎರಡನೇ ಸಲ ಹೇಳಲಿಲ್ಲ. ಬಟ್ಟಲನ್ನೇ ನೋಡುತ್ತ ಕೂತಳು. ಅದು ಗುಳುಂ ಅಂತು.

ಕಲ್ಲುಗಟ್ಟೆಯವರು ಈಗಲೂ ಗಡಿಯಾರ ಇಟ್ಟು ಆಡುವ ಚದುರಂಗದ ಪಂದ್ಯಗಳಿಗೆ ಹೋಗುತ್ತಾರೆ. ಎದುರಿನವರು ನಡೆ ಮುಗಿಸಿ ತಮ್ಮ ಗಡಿಯಾರ ನಿಲ್ಲಿಸುವ ಗುಂಡಿ ಒತ್ತಲು ಮರೆತರೆ ಬೆರಳು ಮಾಡಿ ತೋರಿಸುತ್ತಾರೆ, ಒಂದೇ ಸಲ. ಆಮೇಲೆ ಕೈ ಕಟ್ಟಿಕೊಂಡು ಕೂರುತ್ತಾರೆ.