ಹಣೆಯ ಮೇಲಿನ ಗುರುತು

ಜನ್ಮದಲ್ಲಿ ಪೆನ್ಸಿಲ್ ಹಿಡಿಯದ ಸಾಫ್ಟ್‌ವೇರ್ ಒಂದು, ಸ್ಟುಡಿಯೋದಲ್ಲಿ ಫೋಟೊಗಳನ್ನೆಲ್ಲ ಪೆನ್ಸಿಲ್ ಚಿತ್ರ ಮಾಡುತ್ತಿತ್ತು. ತೀರಿಹೋದ ಅಮ್ಮನ ಮುಖ ಪೂರ್ತಿ ಮಾಸುವ ಮೊದಲು ಉಳಿಸಿಕೊಳ್ಳಬೇಕೆಂದು ಅಂಬುಜಾಕ್ಷಿ ಒಂದು ಹಳೆಯ ಫೋಟೊ ತಂದುಕೊಟ್ಟಳು.

"ಅಜ್ಜೀ, ಹಣೆ ಮೇಲೆ ಇಷ್ಟಗಲ ಕೊಳೆ! ಮೊದಲು ಅದನ್ನು ಅಳಿಸುತ್ತೇನೆ," ಎಂದು ಫೋಟೊಗೆ ಹೇಳಿತು ಸಾಫ್ಟ್‌ವೇರ್.

"ಬೇಡಪ್ಪಾ," ಎಂದಿತು ಫೋಟೊ. "ಅದು ನಾನು ಹೋದಮೇಲೆ ಮಗಳು ಹನ್ನೆರಡು ವರ್ಷ ದಿನಾ ಬೆಳಿಗ್ಗೆ ಈ ಫೋಟೊಗೆ ಕುಂಕುಮವಿಟ್ಟ ಜಾಗ."

"ಚಿತ್ರ ಕೆಟ್ಟರೆ ನನ್ನನ್ನು ಬೈಯಬಾರದು."

"ನನ್ನ ಮುಖ ಮೊದಲೇ ಅಷ್ಟಕ್ಕಷ್ಟೆ, ಬಿಡು."

ಸಾಫ್ಟ್‌ವೇರ್ ಆ ಗುರುತನ್ನೂ ಗೆರೆಗೆರೆಯಾಗಿ ಬರೆಯಿತು.

ಫೋಟೊದಷ್ಟೇ ಅಳತೆಯ ಚಿತ್ರ ಕೈಗೆ ಬಂದಾಗ ಅಂಬುಜಾಕ್ಷಿ ಕಣ್ಣು ಮೂಗು ಏನನ್ನೂ ಪರೀಕ್ಷಿಸಲಿಲ್ಲ. ಉಂಗುರಬೆರಳನ್ನು ಅಮ್ಮನ ಹಣೆಯ ಮೇಲಿಟ್ಟಳು. ಬೆರಳು ತನ್ನ ಜಾಗದಲ್ಲಿ ಸರಿಯಾಗಿ ಕೂತಿತು.