ಅಲುಗದ ಮುಳ್ಳು

“ಗುರುಗಳೇ, ಕೋಪವನ್ನು ಗೆಲ್ಲಬೇಕು ಅನ್ನುತ್ತೀರಿ. ಹಾಗಾದರೆ ಕೋಪ ಬಂದವನೆಲ್ಲ ಸೋತವನೇ?” ಎಂದು ಶಿಷ್ಯ ಕೇಳಿದ.

ಗುರುಗಳು ಹೇಳಿದರು:

ಕಾದ ಇಂಜಿನ್ನಿಗೆ ಕೈಹಾಕುವ ಮೊದಲು ಅದು ಯಾಕೆ ಕಾಯಿತೆಂದು ತಿಳಿಯಬೇಕು. ಈ ನಿಯಮ ಗೊತ್ತಿಲ್ಲದ ಮೆಕ್ಯಾನಿಕ್ ಇಲ್ಲ. ಒಂದು ಊರಿನಲ್ಲಿ ಮೂವರು ಅದನ್ನು ಮುರಿದರು. ಮೂವರೂ ನಗುನಗುತ್ತಲೇ ಮುರಿದರು.

ಒಬ್ಬ ವ್ಯಾಪಾರಿಯ ಹಳೆಯ ಕಾರು ಏರು ಬಂದರೆ ಸಾಕು, ಕುದಿಯುತ್ತಿತ್ತು. ಮೊದಲನೆಯವನು ನೀರಿನ ಹರಿವನ್ನು ಹದದಲ್ಲಿಡುವ ಥರ್ಮೋಸ್ಟಾಟ್ ಕಿತ್ತೆಸೆದು, “ಇನ್ನು ನೀರು ಸಲೀಸಾಗಿ ಓಡುತ್ತೆ” ಅಂದ. ಎರಡನೆಯವನು ದೊಡ್ಡ ಫ್ಯಾನು ಕೂರಿಸಿದ. ಆದರೂ ಬಿಸಿ ತೋರಿಸುವ ಮುಳ್ಳು ಕೆಂಪಿಗೇ ಏರುತ್ತಿತ್ತು. ಮೂರನೆಯವನು ಮುಳ್ಳಿನ ತಂತಿಯನ್ನೇ ಕತ್ತರಿಸಿದ. ಮುಳ್ಳು ಮಲಗಿತು. ವ್ಯಾಪಾರಿಗೆ ನೆಮ್ಮದಿಯಾಯಿತು.

ತುಂಬು ಬಸುರಿ ಮಗಳನ್ನು ಕೂರಿಸಿಕೊಂಡು ಅವನು ಘಾಟಿ ಹತ್ತಲು ಹೊರಟ. ಘಾಟಿಯ ಬುಡದಲ್ಲಿ ಒಬ್ಬ ಮುದಿ ಮೇಸ್ತ್ರಿಯ ಶೆಡ್ಡಿತ್ತು. ನೀರು ತುಂಬಿಸಲು ಅಲ್ಲಿ ನಿಲ್ಲಿಸಿದ.

ಮೇಸ್ತ್ರಿ ಇಂಜಿನ್ ಆರುವ ತನಕ ಯಾರನ್ನೂ ಹತ್ತಿರ ಬಿಡಲಿಲ್ಲ. ಆಮೇಲೆ ರೇಡಿಯೇಟರ್ ಮುಚ್ಚಳ ತೆಗೆದು, ಇಂಜಿನ್ ಶುರು ಮಾಡಿಸಿ, ಬಗ್ಗಿ ನೋಡಿದ. ನೀರಿನಲ್ಲಿ ಒಂದೇ ಸಮನೆ ಗುಳ್ಳೆ ಏಳುತ್ತಿದ್ದವು. ಅವನಿಗೆ ಅಷ್ಟು ಸಾಕಾಯಿತು.

“ಹೆಡ್ ಗ್ಯಾಸ್ಕೆಟ್ ಹೋಗಿದೆ ಸಾಹುಕಾರ್ರೇ. ಒಳಗಿನ ಹೊಗೆ ನೀರಿಗೆ ನುಗ್ಗುತ್ತಿದೆ. ಬಿಚ್ಚಬೇಕು, ಎರಡು ದಿನದ ಕೆಲಸ.”

“ಏನಯ್ಯ, ಊರಲ್ಲಿ ಮೂರು ಜನ ನೋಡಿ ಸರಿ ಮಾಡಿದ್ದಾರೆ, ನೀನೊಬ್ಬ ಹೆಚ್ಚಿನವನೋ? ಆ ಮುಳ್ಳು ನೋಡು, ಅಲುಗ್ತಾ ಇಲ್ಲ!”

“ಅದರ ತಂತಿ ಕತ್ತರಿಸಿದ್ದಾರೆ! ಹೆಣದ ಮೈ ಮುಟ್ಟಿ ಜ್ವರ ಇಲ್ಲ ಅಂತೀರಾ? ಘಾಟಿ ನಡುವೆ ಇಂಜಿನ್ ಹಿಡಿದುಕೊಂಡು ನಿಂತುಹೋದರೆ ಈ ಹೆಣ್ಣುಮಗಳನ್ನ ಎಲ್ಲಿ ಮಲಗಿಸ್ತೀರಿ?”

“ಬಾಯಿ ಮುಚ್ಚು. ನೀರು ತುಂಬೋದಷ್ಟೇ ನಿನ್ನ ಕೆಲಸ.”

ಈ ಗಾಡಿಯನ್ನು ಮುಟ್ಟಿದ ಮೂವರೂ ಮೇಸ್ತ್ರಿಯ ಕಣ್ಣಿಗೆ ಕಟ್ಟಿದರು. ಅವರೂ ಅವನಂತೆಯೇ ಸ್ಪ್ಯಾನರ್ ಹಿಡಿದು ಅನ್ನ ತಿನ್ನುವವರು. ಅವನು ಇಂಜಿನ್ ನಿಲ್ಲಿಸಿ, ನೀರಿನ ಕೊಡವನ್ನು ಒದ್ದ. ಬಾನೆಟ್ಟಿನೊಳಗೆ ಕೈಹಾಕಿ, ಕಿಡಿ ಹಂಚುವ ಡಿಸ್ಟ್ರಿಬ್ಯೂಟರಿನ ಮುಚ್ಚಳ ಎತ್ತಿ, ಬೆರಳುದ್ದದ ರೋಟರನ್ನು ಕಿತ್ತು ಮುಷ್ಟಿಯಲ್ಲಿ ಹಿಡಿದುಕೊಂಡ. ಅದಿಲ್ಲದೆ ಇಂಜಿನ್ ಶುರುವಾಗದು. ವ್ಯಾಪಾರಿ ಅವನ ಕಾಲರ್ ಹಿಡಿದ, ಕೆನ್ನೆಗೆ ಹೊಡೆದ, ಪೊಲೀಸರನ್ನು ಕರೆಸುವೆನೆಂದು ಕೂಗಾಡಿದ.

ಇಷ್ಟು ಕೇಳಿ ಶಿಷ್ಯ ನಡುವೆ ಬಾಯಿ ಹಾಕಿದ.

“ಆ ಮೇಸ್ತ್ರಿಯ ಕೋಪ ಯಾವಾಗ ಇಳಿಯಿತು, ಗುರುಗಳೇ?”

“ಅದು ನನಗೆ ಗೊತ್ತಿಲ್ಲ. ಆದರೆ ಆ ಹೆಣ್ಣುಮಗಳು ಬೇರೆ ಗಾಡಿ ಹತ್ತಿ ಹೋಗುವ ತನಕ ಅವನು ಮುಷ್ಟಿ ಬಿಚ್ಚಲಿಲ್ಲ.”